ಬೆಳಕಿಂಡಿಯಿಂದ ಇಳಿದ ದೊಡ್ಡಬಸಪ್ಪ

ಕೊಪ್ಪಳದ ಕೋಟೆಗುಡ್ಡ ಈಗ ಇರುವ ಜಾಗದಲ್ಲಿ ಮೊದಲು ಇರಲಿಲ್ಲ. ಊರಿನ ಆಚೆ ಮಗ್ಗುಲಿಗೆ ಇತ್ತು. ಒಂದು ದಿನ ಮುಂಜಾನೆ ನಾನು ಅದರ ಬುಡದಲ್ಲಿ ನಿಂತು ಪ್ರಾರ್ಥನೆ ಮಾಡುವಾಗ ಆಮೆನ್ ಅನ್ನುವುದನ್ನು ಕೊಂಚ ಜೋರಾಗಿ ಅಂದುಬಿಟ್ಟೆ. ಗುಡ್ಡ ಗಾಬರಿಯಾಗಿ ಅರ್ಧ ಹರದಾರಿ ಸರಿದು ಕುಳಿತುಕೊಂಡಿತು. ಕೋಟೆಯ ಗೋಡೆ ಒಂದೂ ಬಿರುಕು ಬಿಡಲಿಲ್ಲ, ಮೇಲೆ ಪಹರೆಗಿದ್ದ ಸಿಪಾಯಿಯ ನಿದ್ದೆ ಕೂಡ ಕೆಡಲಿಲ್ಲ. ಮತ್ತೆ ಹಿಂದಕ್ಕೆ ಸರಿಸೋಣವೆಂದರೆ ಕಚೇರಿಯವರು ಅಷ್ಟರಲ್ಲಿ ನಕಾಶೆ ತಿದ್ದಿ ಆಗಿತ್ತು. ನಿಜಾಮ ಸರಕಾರಕ್ಕೆ ಯಾಕೆ ಎರಡೆರಡು ಸಲ ತೊಂದರೆ ಎಂದು ಸುಮ್ಮನಾದೆ.

ಇಂಥ ಪ್ರಾರ್ಥನೆ ನನ್ನದು. ನನ್ನ ಹೆಸರು ಹುಲಿಗೆಪ್ಪ. ಪಾದ್ರಿಗಳು ದೀಕ್ಷಾಸ್ನಾನ ಕೊಟ್ಟಾಗ ದಾವೀದ ಎಂದು ಇಟ್ಟರು. ಆ ಹೆಸರು ಭಾನುವಾರಕ್ಕೆ ಮಾತ್ರ, ಉಳಿದ ದಿನ ಊರೆಲ್ಲ ನನ್ನನ್ನು ಹುಲಿಗ್ಯಾ ಅಂತಲೇ ಕರೆಯುತ್ತದೆ. ಅಂಜಿಕೆ ಅನ್ನುವುದು ಹೇಗಿರುತ್ತದೆ ಎಂದು ನನಗೆ ತಿಳಿಯದು. ಒಮ್ಮೆ ಕುಷ್ಟಗಿ ದಾರಿಯಲ್ಲಿ ಚಿರತೆಯೊಂದು ಎದುರಿಗೆ ಬಂದಾಗ, "ತಮ್ಮಾ, ಅಂಜಿಕಿ ಅಂದ್ರ ಹ್ಯಾಂಗ ಇರತೈತಿ, ಒಂಚೂರು ತೋರಸು," ಎಂದು ಕೇಳಿದೆ. ಪಾಪ, ಓಡಿ ತೋರಿಸಿತು.

ಹಾಗಾಗಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕೂ ತಾಲೂಕಿನಲ್ಲಿ ನಮ್ಮ ಪೈಕಿ ಯಾರಾದರೂ ಮನಸ್ಸು ಕದಡಿ, ಹೆದರಿ ಮೂಲೆ ಹಿಡಿದರೆ ಉಪದೇಶಿ ಯೆಶಾಯಪ್ಪನವರು ನನಗೆ ಹೇಳಿ ಕಳಿಸುತ್ತಾರೆ. ಅವರು ಪ್ರಾರ್ಥನೆ ಮಾಡುತ್ತಾರೆ, ನಾನು ಸಾಕ್ಷಿ ಹೇಳುತ್ತೇನೆ. ಹೇಳುವ ಸಾಕ್ಷಿ ಒಂದೇ. ನಮ್ಮ ಅಕ್ಕ ಕಳಕಮ್ಮನ ಗಂಡ, ನನ್ನ ಮಾವ, ಕುಕನೂರಿನ ದೊಡ್ಡಬಸಪ್ಪನನ್ನು ನಾನು ಅಂಜಿಕೆಯಿಂದ ಬಿಡಿಸಿದ್ದು.

ದೊಡ್ಡಬಸಪ್ಪ ಆಳು ಹೇಗಿದ್ದನೆಂದರೆ, ಅವನು ಬಾಗಿಲಲ್ಲಿ ನಿಂತರೆ ಒಳಗಿನವರು ಹೊತ್ತು ಮುಳುಗಿತೆಂದು ದೀಪ ಹಚ್ಚುತ್ತಿದ್ದರು. ಬಾವಿಯಿಂದ ಎತ್ತುಗಳು ನೀರೆಳೆಯುವ ತೊಗಲಿನ ಮೊಟ್ಟೆ ಹೊಲಿಯುವುದು, ಅದಕ್ಕೆ ಕಟ್ಟುವ ಮಿಣಿ ಹೊಸೆಯುವುದು ಅವನ ಕಸಬು. ಅವನು ಹೊಸೆದ ಮಿಣಿಗೆ ಆನೆ ಕಟ್ಟಿದರೆ ಆನೆ ಮುದಿಯಾಗಬೇಕು, ಮಿಣಿ ಆಗುತ್ತಿರಲಿಲ್ಲ.

ಜರ್ಮನಿ ಲಡಾಯಿ ಶುರುವಾದ ವರ್ಷ. ಯುಗಾದಿ ಮುಗಿದ ವಾರ ಮಕ್ಬುಲಸಾಬನ ತೋಟದ ಬಾವಿಯಲ್ಲಿ ಮೊಟ್ಟೆ ಕಳಚಿ ಬಿತ್ತು. ಮಕ್ಬುಲಸಾಬ ನಮ್ಮ ಅಕ್ಕನ ನೆರೆಮನೆಯವನು. ಅವನ ಬಾವಿಯ ಆಳ ಹೇಳಿದರೆ ನೀವು ನಂಬುವುದಿಲ್ಲ. ಮುಂಗಾರಿಗೆ ಒಗೆದ ಕಲ್ಲು ಹಿಂಗಾರಿಗೆ ಸಪ್ಪಳ ಮಾಡುತ್ತಿತ್ತು. ಮೊಟ್ಟೆ ತೆಗೆಯಲು ದೊಡ್ಡಬಸಪ್ಪ ಇಳಿದ. ತಳದಲ್ಲಿ ಕತ್ತಲೆಯೊಳಗೆ ಕೈ ಆಡಿಸುವಾಗ ಪಕ್ಕದ ಬಂಡೆಗೆ ಗುದ್ದಿದ. ಬಂಡೆ ಡೊಳ್ಳಿನ ಹಾಗೆ ಗುಂಯ್ ಅಂತು. ಅಷ್ಟೇ ಆದದ್ದು.

ಮೊಟ್ಟೆ ತೆಗೆದುಕೊಂಡು ಮೇಲೆ ಬಂದ. ಬಾವಿಯ ದಂಡೆಗೆ ಒಂದು ಕಾಲು ಇಟ್ಟ, ತಕ್ಷಣ ಹಿಂದಕ್ಕೆ ತೆಗೆದುಕೊಂಡ.

"ಸಾಬ್ರ, ಕೆಳಗ ಟೊಳ್ಳ ಐತಿ," ಎಂದ.

"ಬಾವ್ಯಪಾ ಅದು. ಟೊಳ್ಳ ಇರದ ತುಂಬಿಕೊಂಡ ಇರತೈತೇನು?" ಎಂದ ಮಕ್ಬುಲಸಾಬ.

"ಬಾವಿ ಅಲ್ಲರಿ. ಎಲ್ಲಾ ಟೊಳ್ಳ ಐತಿ. ಊರ ಟೊಳ್ಳ ಐತಿ. ನಾವೆಲ್ಲಾ ಮುಚ್ಚಳದ ಮ್ಯಾಲ ಅಡ್ಡಾಡಾಕತ್ತೀವಿ."

ಬಾವಿಯ ಗಾಲಿಯ ಕಂಬವನ್ನು ತಬ್ಬಿಕೊಂಡವನು ಬಿಡಲಿಲ್ಲ. ಕೊನೆಗೆ ಮನೆಯಿಂದ ಹಗ್ಗ ಹೆಣೆದ ಮಲಗುವ ಹೊರಸು ತರಿಸಿ, ಅದರ ಮೇಲೆ ಕೂರಿಸಿ, ನಾಲ್ಕು ಜನ ಹೊತ್ತು ತಂದರು. ಅವತ್ತು ಹೊರಸು ಹತ್ತಿದವನು ಸೀಗಿ ಹುಣ್ಣಿಮೆ ಬಂದರೂ ಇಳಿಯಲಿಲ್ಲ. ಊಟ ಹೊರಸಿನ ಮೇಲೆ, ಜಳಕ ಹೊರಸಿನ ಮೇಲೆ, ಕೆಲಸವೂ ಹೊರಸಿನ ಮೇಲೆ. ಹೊರಸಿನ ನಾಲ್ಕು ಕಾಲಿನ ಕೆಳಗೆ ನಾಲ್ಕು ಹಾಸುಗಲ್ಲು ಇಡಿಸಿಕೊಂಡಿದ್ದ. ಭಾರ ಹಂಚಿಹೋಗಲಿ ಅಂತ.

ನಗುವುದಕ್ಕೆ ಊರಿಗೆ ಒಳ್ಳೆಯ ವಿಷಯವಾಯಿತು. ಆದರೆ ಕಳಕಮ್ಮ ನೀರಿಗೆ ಹೊರಟರೆ ಅವನ ಮೈ ಬೆವರಿ ಹೊರಸಿನ ಹಗ್ಗ ತೊಯ್ಯುತ್ತಿತ್ತು. ಎದೆ ಹೊಡೆದುಕೊಳ್ಳುವುದು ಅಂಗಿಯ ಮೇಲಿನಿಂದಲೇ ಕಾಣುತ್ತಿತ್ತು. "ಸಾವಕಾಶ ಹೋಗು, ಹೆಜ್ಜಿ ಹಗುರಕ ಇಡು," ಎನ್ನುತ್ತಿದ್ದ. ಅವಳು ತಿರುಗಿ ಬರುವವರೆಗೆ ಕಣ್ಣು ಮುಚ್ಚಿಕೊಂಡು ಅವಳ ಹೆಸರು ಹೇಳುತ್ತಿದ್ದ. ನಮ್ಮ ಅಕ್ಕ ಆರು ತಿಂಗಳು ತನ್ನ ಮನೆಯಲ್ಲಿ ತಾನೇ ಕಳ್ಳಬೆಕ್ಕಿನ ಹಾಗೆ ತುದಿಗಾಲಲ್ಲಿ ನಡೆದಳು. ತಲೆಯ ಮೇಲೆ ತುಂಬಿದ ಕೊಡ, ಕಾಲ ಕೆಳಗೆ ಗಂಡನ ಅಂಜಿಕೆ. ಮೈ ಇಳಿದು ಕಡ್ಡಿಯಾದಳು. ಮಕ್ಬುಲಸಾಬನ ಹೆಂಡತಿ ಗೌಸಬೀ ದರ್ಗಾದಿಂದ ದಾರ ತಂದು ಹೊರಸಿನ ಕಾಲಿಗೆ ಕಟ್ಟಿ, "ನಿಮ್ಮ ದೇವ್ರು ಸಿಟ್ಟಾಗಂಗಿಲ್ಲ ಬಿಡವ್ವಾ, ದೊಡ್ಡಾಂವ ಅದಾನ," ಎಂದು ಸಮಾಧಾನ ಹೇಳಿ ಹೋದಳು.

ಆಗ ನಾನು ಕುಕನೂರಿಗೆ ಹೋದೆ.

ನಾನು ಹೋದೆ ಎಂದಮೇಲೆ ಕೆಲಸ ಆಯಿತೆಂದೇ ಲೆಕ್ಕ. "ಮಾವಾ, ನೆಲಾ ಟೊಳ್ಳ ಇದ್ರ ನಾ ಜಿಗದಾಗ ಒಳಗ ಹೋಗಬೇಕು. ಹೌದಿಲ್ಲೋ?" ಎಂದೆ.

"ಜಿಗೀಬ್ಯಾಡೋ ಹುಲಿಗ್ಯಾ, ಕೈ ಮುಗೀತೀನಿ," ಎಂದ ದೊಡ್ಡಬಸಪ್ಪ.

ಅಂಗಳದ ನಡುವೆ ನಿಂತೆ. ಊರ ಜನವೆಲ್ಲ ನೋಡಲು ಸೇರಿದ್ದರು. ತಾಳೆಮರದ ಎತ್ತರಕ್ಕೆ ಒಂದು ಸಲ ಜಿಗಿದೆ, ಏನೂ ಆಗಲಿಲ್ಲ. "ಕಂಡ್ಯಾ?" ಎಂದೆ. ಅವನ ಮುಖದಲ್ಲಿ ಒಂದಿಷ್ಟು ಬಣ್ಣ ಬಂತು. ಹೊರಸಿನ ಅಂಚಿಗೆ ಸರಿದು ಒಂದು ಹೆಬ್ಬೆರಳು ಕೆಳಗೆ ಚಾಚಿದ. ಇದೇ ಹೊತ್ತೆಂದು ನಾನು ಹುರುಪಿನಿಂದ ನಾಲ್ಕು ಹೆಜ್ಜೆ ಆಚೆ ಹೋಗಿ, ದನ ಮೇಯುವ ಗೋದಲಿಯ ಹತ್ತಿರ, ಇನ್ನೂ ಎತ್ತರಕ್ಕೆ ಜಿಗಿದೆ.

ನಮ್ಮ ಕಡೆ ಜೋಳ ಎಲ್ಲಿ ಇಡುತ್ತಾರೆ ಎಂಬುದು ಆ ಗಳಿಗೆಯಲ್ಲಿ ನನಗೆ ಮರೆತುಹೋಗಿತ್ತು. ನೆಲದೊಳಗೆ ಹಗೇವು ತೋಡಿ, ಜೋಳ ಸುರಿದು, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತುತ್ತಾರೆ. ದೊಡ್ಡಬಸಪ್ಪನ ಅಜ್ಜನ ಕಾಲದ ಖಾಲಿ ಹಗೇವು ಒಂದು ಆ ಗೋದಲಿಯ ಬದಿಗೆ ಇತ್ತು. ಚಪ್ಪಡಿ ಎರಡು ಹೋಳಾಯಿತು. ನಾನು ನಿಂತ ಹಾಗೆಯೇ, ಕೈ ಎತ್ತಿದ ಹಾಗೆಯೇ, ಊರ ಕಣ್ಣೆದುರು ನೆಲದೊಳಗೆ ಹೋದೆ.

ಮೇಲಿನಿಂದ ದೊಡ್ಡಬಸಪ್ಪನ ದನಿ ಕೇಳಿಸಿತು, ಬಹಳ ಮೆತ್ತಗೆ. "ನಾ ಹೇಳಿದ್ದಿಲ್ಲೇನು."

ಮಕ್ಬುಲಸಾಬ ಹಗೇವಿನ ಬಾಯಿಗೆ ಬಗ್ಗಿ ನೋಡಿದ. "ಏನಪಾ, ನೆಲಾ ಗಟ್ಟಿ ಐತಿ ಅಂತ ತೋರಸಾಕ ಬಂದು ನೀನ ಬಿತ್ತನಿ ಆದ್ಯಲ್ಲೋ. ಒಂದೀಟ ನೀರ ಹಾಕಲ್ಯಾ, ಮೊಳಕಿ ಒಡೀತಿ."

ಆ ದಿನದಿಂದ ದೊಡ್ಡಬಸಪ್ಪ ಹೊರಸಿನ ನಡುವೆ ಮೊಳಕಾಲು ಮಡಚಿ ಕುಳಿತವನು ಅಂಚಿಗೂ ಸರಿಯಲಿಲ್ಲ. ರೊಟ್ಟಿ ಮುರಿಯುವುದನ್ನೂ ಕಡಿಮೆ ಮಾಡಿದ. ಕಳಕಮ್ಮ ನನ್ನ ತಲೆಯ ಮಣ್ಣು ಜಾಡಿಸುತ್ತ ಒಂದೇ ಮಾತು ಅಂದಳು: "ಯಪ್ಪಾ ತಮ್ಮಾ, ಇನ್ನೊಮ್ಮಿ ಧೈರ್ಯ ಹೇಳಾಕ ಬರಬ್ಯಾಡ. ಅಂವ ಸಾಯ್ತಾನ."

ಮುಂದಿನ ವಾರ ಉಪದೇಶಿ ಯೆಶಾಯಪ್ಪನವರು ಗಂಗಾವತಿ ಕಡೆಯ ತಿರುಗಾಟ ಮುಗಿಸಿ ಬಂದರು. ಗದ್ದೆನಾಡಿನ ಕೆಸರು ಇನ್ನೂ ಅವರ ಕಾಲಿನಲ್ಲಿತ್ತು. ತೆಳ್ಳನೆಯ ಮನುಷ್ಯ, ದನಿಯೂ ತೆಳ್ಳಗೆ. ಅವರು ಹೊರಸಿನ ಮೇಲೆ ಹತ್ತಿ ದೊಡ್ಡಬಸಪ್ಪನ ಪಕ್ಕಕ್ಕೆ ಕುಳಿತರು.

"ಎಲ್ಲೆ ಟೊಳ್ಳ ಅನಸ್ತೈತಪ್ಪ?" ಎಂದು ಕೇಳಿದರು.

"ಎಲ್ಲಾ ಕಡೆ. ಕಿವಿಗೊಟ್ಟರ ಗುಂಯ್ ಅಂತೈತಿ."

ಯೆಶಾಯಪ್ಪನವರು ಇಳಿದು ನೆಲಕ್ಕೆ ಕಿವಿ ಹಚ್ಚಿ ಮಲಗಿದರು. ಎದ್ದು ಮಣ್ಣು ಒರೆಸಿಕೊಂಡು, "ನನಗ ಕೇಳವಲ್ದು. ಆದ್ರ ನಿನಗ ಕೇಳತೈತಿ ಅನ್ನೂದು ಖರೆ ಐತಿ. ಸುಳ್ಳ ಯಾಕ ಹೇಳ್ತಿ ನೀನು," ಎಂದರು. ಮತ್ತೆ ಹೊರಸು ಹತ್ತಿ, ಅವನ ಕೈ ಹಿಡಿದು ಪ್ರಾರ್ಥಿಸಿದರು. "ತಂದೀ, ಇಂವ ಭಾಳ ಅಂಜ್ಯಾನ. ಇವನ ಹಂತ್ಯಾಕ ಕುಂದ್ರು. ಆಮೆನ್."

ಮುಗಿಯಿತು. ಬದಿಗೆ ಕುಳಿತುಕೋ ಅನ್ನುವ ಇಷ್ಟು ಸಣ್ಣ ಪ್ರಾರ್ಥನೆಗೆ ಗೋಡೆಯ ಮೇಲಿನ ಹಲ್ಲಿ ಕೂಡ ಸರಿಯುವುದಿಲ್ಲ ಎಂದು ನಾನು ಒಳಗೇ ಅಂದುಕೊಂಡೆ. ಆದರೆ ದೊಡ್ಡಬಸಪ್ಪ ಆರು ತಿಂಗಳ ಮೇಲೆ ಬಾಯಿಬಿಟ್ಟು ಒಂದು ಆಸೆ ಹೇಳಿದ. "ಭಾನುವಾರ ಎಲ್ಲಾರ ನಡುವ ಕುಂದ್ರಬೇಕನಸ್ತೈತ್ರಿ. ಒಬ್ಬಾಂವ ಇದ್ದಷ್ಟೂ ಸಪ್ಪಳ ಹೆಚ್ಚಾಗತೈತಿ."

ಕಳಕಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ತೊಂದರೆ ಬಾಗಿಲದ್ದು. ಕುಕನೂರಿನ ನಮ್ಮವರ ಕೇರಿಯ ಪ್ರಾರ್ಥನೆ ಮನೆ ಮಣ್ಣಿನ ಗೋಡೆಯದು, ಮಣ್ಣಿನ ಮಾಳಿಗೆಯದು, ಬಾಗಿಲು ಆಡು ನುಗ್ಗುವಷ್ಟು. ಹೊರಸು ಅಡ್ಡ ಹಿಡಿದರೂ ಹೋಗದು, ಉದ್ದ ಹಿಡಿದರೂ ಹೋಗದು. ದೊಡ್ಡಬಸಪ್ಪ ಹೊರಸು ಬಿಡುವವನಲ್ಲ. ಎಲ್ಲರೂ ಬಾಗಿಲನ್ನೇ ನೋಡುತ್ತ ನಿಂತಿರುವಾಗ ನನ್ನ ತಲೆಗೆ ಹೊಳೆಯಿತು.

"ಉಪದೇಶಿಗಳ, ಹೋದ ತಿಂಗಳ ನೀವ ಹೇಳಿದ್ರಿ. ಗದ್ದಲಾ ಭಾಳ ಇತ್ತು, ಬಾಗಿಲದಾಗ ಹೋಗಾಕ ಆಗಲಿಲ್ಲ. ನಾಕ ಮಂದಿ ಗೆಣೆಕಾರರು ರೋಗಿನ್ನ ಹಾಸಿಗಿ ಸಮೇತ ಮಾಳಿಗಿ ಹತ್ತಿಸಿ, ಮಾಳಿಗಿ ತಗದು, ಯೇಸುಸ್ವಾಮಿ ಮುಂದ ಇಳಿಸಿದ್ರು ಅಂತ."

"ಅದು ಕಪೆರ್ನೌಮು, ಹುಲಿಗೆಪ್ಪ. ಇದು ಕುಕನೂರು."

"ಮಾಳಿಗಿ ಎಲ್ಲಾ ಊರಾಗೂ ಮಣ್ಣಿಂದ ಅಲ್ಲೇನ್ರಿ?"

ಯೆಶಾಯಪ್ಪನವರು ಮಾಳಿಗೆಯ ಕಡೆ ತಲೆ ಎತ್ತಿ ನೋಡುವಷ್ಟರಲ್ಲಿ ದೊಡ್ಡಬಸಪ್ಪನೇ ಒಪ್ಪಿಬಿಟ್ಟ. ಅವನಿಗೆ ನೆಲದ್ದು ಅಂಜಿಕೆ, ಹಗ್ಗದ್ದಲ್ಲ. ತಾನು ಹೊಸೆದ ಮಿಣಿಯಲ್ಲಿ ತೂಗಿದರೆ ಅಷ್ಟು ಹೊತ್ತಾದರೂ ನೆಲದ ಗೊಡವೆ ಇಲ್ಲ ಎಂದು ಅವನ ವಿಚಾರ. ಆ ಆರು ತಿಂಗಳಲ್ಲಿ ಅವನು ಒಂದು ಮಾತಿಗೆ ಹೂಂ ಎಂದದ್ದು ಅದೇ ಮೊದಲು. ಇನ್ನು ಬೇಡ ಅನ್ನುವವರು ಯಾರು?

ಪ್ರಾರ್ಥನೆ ಮನೆಯ ಹಿಂಗೋಡೆ ದಿಬ್ಬಕ್ಕೆ ಆತುಕೊಂಡಿದೆ. ದಿಬ್ಬದಿಂದ ಮಾಳಿಗೆಗೆ ಒಂದೇ ಹೆಜ್ಜೆ. ಆ ಕಡೆಯಿಂದ ಹೊರಸನ್ನು ಹೊತ್ತು ಮೇಲೆ ತಂದೆವು. ಹೊತ್ತವರು ನಾಲ್ಕು ಜನ ಎಂದು ಊರಲ್ಲಿ ಹೇಳುತ್ತಾರೆ. ನಾನು ಒಬ್ಬನೇ ಹೊತ್ತದ್ದು, ಉಳಿದವರು ಹೊರಸಿಗೆ ಜೋತುಬಿದ್ದಿದ್ದರು. ಮಾಳಿಗೆಯ ನಡುವೆ ಬೆಳಕು ಬೀಳಲು ಬಿಟ್ಟ ಬೆಳಕಿಂಡಿಯನ್ನು ಜಂತಿ ತಪ್ಪಿಸಿ ಗುದ್ದಲಿಯಿಂದ ಅಗಲ ಮಾಡಿದೆವು. ಅದರ ಮೇಲೆ ಕಂಬ ನಿಲ್ಲಿಸಿ ಬಾವಿಯ ಗಾಲಿ ಕಟ್ಟಿದೆವು. ಮಿಣಿಯ ಒಂದು ತುದಿ ಹೊರಸಿಗೆ, ಇನ್ನೊಂದು ತುದಿ ಮುಂದಿನ ಓಣಿಯ ಇಳಿಜಾರಿನಲ್ಲಿ ನಿಂತ ಮಕ್ಬುಲಸಾಬನ ಎತ್ತಿನ ನೊಗಕ್ಕೆ. ಎತ್ತು ಮುಂದೆ ನಡೆದರೆ ಹಗ್ಗ ಮೇಲೆ ಬರುತ್ತದೆ, ಹಿಂದೆ ಸರಿದರೆ ಕೆಳಗೆ ಹೋಗುತ್ತದೆ. ಬಾವಿಯ ಮೇಲೆ ದಿನಾ ಮಾಡುವ ಕೆಲಸವೇ. ಮೊಟ್ಟೆಯ ಬದಲು ಈ ಸಲ ಮನುಷ್ಯ, ಅಷ್ಟೇ ಫರಕು.

"ನನ್ನ ಎತ್ತಿಗೆ ಬಾರಕೋಲ ತೋರಸಬ್ಯಾಡ್ರಿ," ಎಂದ ಮಕ್ಬುಲಸಾಬ. "ಖಾನದಾನಿ ಎತ್ತು. ಹಾಡಿಗೆ ನಡೀತಾವ, ಹಾಡ ನಿಂತ್ರ ಹಿಂದಕ ಸರೀತಾವ."

ಈ ಮಾತನ್ನು ನಾವೆಲ್ಲರೂ ಕೇಳಿದೆವು. ಯಾರೂ ವಿಚಾರ ಮಾಡಲಿಲ್ಲ.

ವಿಚಾರ ಮಾಡಬೇಕಾದದ್ದು ಇದು. ಪಾದ್ರಿಗಳು ಕಲಿಸುತ್ತಿದ್ದ ದೂರದ ದೇಶದ ರಾಗಗಳು ನಮ್ಮ ಮುದುಕಿಯರ ಬಾಯಿಗೆ ಹತ್ತಲಿಲ್ಲವೆಂದು ಯೆಶಾಯಪ್ಪನವರು ಕೀರ್ತನೆಗಳನ್ನೆಲ್ಲ ಮೊಟ್ಟೆ ಹೊಡೆಯುವ ಹಾಡಿನ ಧಾಟಿಗೆ ಕೂಡಿಸಿದ್ದರು. 'ಬತ್ತದ ಬಾವಿ ನೀನಯ್ಯಾ, ಯೇಸಯ್ಯಾ, ಎಳೆದಷ್ಟೂ ಬರುವೆಯಯ್ಯಾ' ಎಂದು ನಮ್ಮ ಹೆಂಗಸರು ಎತ್ತಿಕೊಂಡರೆ ದಾರಿಹೋಕರೂ ನಿಂತು ಕೇಳಬೇಕು. ದಾರಿಹೋಕ ಎತ್ತುಗಳೂ.

ನಾನು ಮಾಳಿಗೆಯ ಮೇಲೆ ಕಿಂಡಿಯ ಅಂಚಿನಲ್ಲಿ ನಿಂತು ಹಗ್ಗ ನೇರ ಮಾಡಿದೆ. ಕೆಳಗೆ ಸಭೆ ಉಸಿರು ಹಿಡಿದು ಕುಳಿತಿತ್ತು. ಎತ್ತುಗಳು ಹಿಂದೆ ಸರಿದವು. ಹೊರಸು ನಿಧಾನಕ್ಕೆ ಇಳಿಯಿತು. ದೊಡ್ಡಬಸಪ್ಪ ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಮಿಣಿ ಹಿಡಿದು, ತೊಟ್ಟಿಲ ಕೂಸಿನ ಹಾಗೆ ಇಳಿದ. ಇನ್ನು ನೆಲಕ್ಕೆ ಒಂದು ಗೇಣು. ಅಷ್ಟರಲ್ಲಿ ಹಾಡಿನ ಮುಂದಾಳು ಮುದುಕಿ ಬಸವಣ್ಣೆಮ್ಮನಿಗೆ ಆನಂದ ತಡೆಯಲಾಗಲಿಲ್ಲ. ಕಣ್ಣು ಮುಚ್ಚಿ, ಕೈ ಎತ್ತಿ, 'ಬತ್ತದ ಬಾವಿ' ಎಂದು ತೆಗೆದಳು. ಇಡೀ ಸಭೆ ಹಿಂದೆ ಬಿತ್ತು.

ಹೊರಗೆ ಎತ್ತುಗಳು ಕಿವಿ ನಿಮಿರಿಸಿ ಓಣಿಯ ಇಳಿಜಾರಿನಲ್ಲಿ ನಡೆದವು. ದೊಡ್ಡಬಸಪ್ಪ ಹೊರಸು ಸಮೇತ ಮೇಲೆ ಹೋದ. ಮೊದಲು ತಲೆ, ಆಮೇಲೆ ಹೊಟ್ಟೆ ಮಾಳಿಗೆಯಿಂದ ಹೊರಗೆ ಬಿಸಿಲಿಗೆ ಬಂತು. ಸಭೆ ಇದನ್ನು ನೋಡಿ ಬೆರಗಾಗಿ ಹಾಡು ನಿಲ್ಲಿಸಿತು. ಎತ್ತುಗಳು ಹಿಂದೆ ಸರಿದವು. ದೊಡ್ಡಬಸಪ್ಪ ಇಳಿದ. ಮತ್ತೆ ಇಳಿದನೆಂಬ ಸಂತೋಷಕ್ಕೆ ಸಭೆ ಎರಡನೆಯ ನುಡಿ ಎತ್ತಿಕೊಂಡಿತು. ದೊಡ್ಡಬಸಪ್ಪ ಏರಿದ.

"ಹಾಡ ನಿಲ್ಲಸ್ರಿ," ಎಂದು ಯೆಶಾಯಪ್ಪನವರು ತಮ್ಮ ತೆಳ್ಳನೆಯ ದನಿಯಲ್ಲಿ ಕೂಗಿದರು. ಬಸವಣ್ಣೆಮ್ಮನಿಗೆ ಕಿವಿ ಮಂದ. "ಹೂನ್ರಿ, ಇನ್ನೂ ಜೋರ ಹಾಡತೀವಿ," ಎಂದಳು.

ಓಣಿಯಲ್ಲಿ ಮಕ್ಬುಲಸಾಬನಿಗೆ ಒಳಗಿನ ಸಂಗತಿ ಕಾಣದು. ಬಂದವರಿಗೆಲ್ಲ, "ನೋಡ್ರಿ, ಹ್ಯಾಂಗ ತಾಳಾ ಹಿಡದಾವ," ಎಂದು ಎತ್ತಿನ ಬೆನ್ನು ಚಪ್ಪರಿಸುತ್ತಿದ್ದನಂತೆ. ಆ ಕೀರ್ತನೆಗೆ ನುಡಿಗಳು ಎಷ್ಟು ಎಂದು ಬರೆದ ಯೆಶಾಯಪ್ಪನವರಿಗೇ ನೆನಪಿಲ್ಲ. ದೊಡ್ಡಬಸಪ್ಪ ನುಡಿಗೊಮ್ಮೆ ಸ್ವರ್ಗದ ಕಡೆಗೆ, ಉಸಿರಿಗೊಮ್ಮೆ ಭೂಮಿಯ ಕಡೆಗೆ ಓಡಾಡಿದ. ಪ್ರತಿ ಸಲ ಮೇಲೆ ಬಂದಾಗ ನನ್ನ ಮುಖ ನೋಡಿ, "ಹುಲಿಗ್ಯಾ," ಎನ್ನುತ್ತಿದ್ದ. ಮುಂದಿನ ಮಾತು ಮುಗಿಸುವ ಮೊದಲೇ ಇಳಿದುಹೋಗುತ್ತಿದ್ದ.

ಇನ್ನು ತಡೆಯಬಾರದೆಂದು ನಾನು ಕೈಹಾಕಿದೆ. ಮಿಣಿಯನ್ನು ಹಲ್ಲಿನಿಂದ ಕಚ್ಚಿ ಒಂದೇ ಸಲಕ್ಕೆ ಕಡಿದೆ. ಹೊರಸು ಧಡಲ್ಲನೆ ನೆಲಕ್ಕೆ ಬಿತ್ತು. ನಾನು ಕಿಂಡಿಯಿಂದ ಒಳಗೆ ಜಿಗಿದು, ಅವನ ತಲೆಯ ಮೇಲೆ ಕೈಯಿಟ್ಟು ಮಾಡಿದ ಪ್ರಾರ್ಥನೆಗೆ ಯಲಬುರ್ಗಾದಲ್ಲಿ ಗಡಿಗೆಗಳು ಒಡೆದವು. ಅಂಜಿಕೆ ಅವನ ಕಿವಿಯಿಂದ ಕರೀ ಕೋಣದ ಹಾಗೆ ಹೊರಬಿದ್ದು, ಬಾಗಿಲು ಸಾಲದೆ ಗೋಡೆ ಒಡೆದುಕೊಂಡು ಓಡಿತು. ಗಂಗಾವತಿಯ ಹತ್ತಿರ ಮರಳಿ ಎಂಬ ಊರಿನ ಗದ್ದೆಯಲ್ಲಿ ಅದು ಹೊರಳಾಡಿದ ಗುರುತು ಇವತ್ತಿಗೂ ಇದೆ, ಅಲ್ಲಿ ಭತ್ತ ಬೆಳೆಯುವುದಿಲ್ಲ. ದೊಡ್ಡಬಸಪ್ಪ ಎದ್ದು ಕುಣಿದ. ಕಳಕಮ್ಮ ರೊಟ್ಟಿ ಬಡಿಯುವಷ್ಟರಲ್ಲಿ ಕುಷ್ಟಗಿಯ ತನಕ ಓಡಿ ತಿರುಗಿ ಬಂದ. ಆಮೇಲೆ ಅವನಿಗೆ ಒಂದು ದಿನವೂ, ಒಂದು ಗಳಿಗೆಯೂ ಅಂಜಿಕೆ ಬಂದದ್ದಿಲ್ಲ.

ಸಾಕ್ಷಿ ಇಲ್ಲಿಗೆ ಮುಗಿಯುತ್ತದೆ. ಯಾವಾಗಲೂ ಇಲ್ಲಿಗೇ ಮುಗಿಸುತ್ತೇನೆ. ಹೋದ ಶನಿವಾರ ಕುಷ್ಟಗಿಯಲ್ಲಿಯೂ ಇಲ್ಲಿಗೇ ಮುಗಿಸಿ, ನೀರು ಕೇಳಿ ಕುಡಿದೆ.

ಅಲ್ಲಿ ಪಂಪಾವತಿ ಎಂಬ ಹೆಣ್ಣುಮಗಳು ತವರುಮನೆಯ ಕೋಣೆಯಲ್ಲಿ ಮಲಗಿದ್ದಳು. ಹೆರಿಗೆಯಾದಾಗಿನಿಂದ ಹಗಲೂ ಎದೆ ಹಾರುತ್ತದೆ, ಏನೋ ಆಗಿಬಿಡುತ್ತದೆ ಎಂದು ಕೂಸನ್ನು ಎತ್ತಿಕೊಳ್ಳಲು ಅಂಜುತ್ತಾಳೆ ಎಂದು ಅವಳ ತಾಯಿ ಹೇಳಿದ್ದಳು. ನಾನು ಹೇಳುವಷ್ಟು ಹೊತ್ತೂ ಗೋಡೆಯ ಕಡೆಗೇ ಮುಖ ಮಾಡಿ ಮಲಗಿದ್ದಳು. ಯೆಶಾಯಪ್ಪನವರು ಪಕ್ಕದಲ್ಲಿ ಕುಳಿತಿದ್ದರು. ನಮ್ಮನ್ನು ಬಂಡಿಯಲ್ಲಿ ಕರೆತಂದಿದ್ದ ಮಕ್ಬುಲಸಾಬ ಹೊಸ್ತಿಲ ಹೊರಗೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ನನ್ನ ಸಾಕ್ಷಿಯನ್ನು ಅವನು ಕೇಳಿದ್ದು ಅದೇ ಮೊದಲು.

ನನ್ನ ಗ್ರಹಚಾರ. ಅವನು ಎಲೆಗೆ ಸುಣ್ಣ ಸವರುವುದು ಬಿಟ್ಟು, "ಹುಲಿಗೆಪ್ಪ, ಯಾವ ಮಿಣಿ ಕಡದಿ?" ಎಂದ.

"ಅದ, ಮಾವ ಹೊಸದದ್ದು."

"ಅದು ನನ್ನ ಬಾವಿ ಮ್ಯಾಗ ಇವತ್ತಿಗೂ ನಡದೈತಿ. ಗಂಟಿಲ್ಲ, ಕಡದ ಗುರುತಿಲ್ಲ. ಮುಂಜಾನಿ ಅದಕ್ಕ ಎಣ್ಣಿ ಹಚ್ಚಿ ಬಂದೀನಿ. ಆನಿ ಕಟ್ಟಿದ್ರೂ ಹರಿಯಂಗಿಲ್ಲ ಅಂತ ನೀನ ಹೇಳ್ತಿ, ನಿನ್ನ ಹಲ್ಲಿಗೆ ಹರೀತಂತಿ. ನಿನಗ ಮುಂದಿನ ಹಲ್ಲ ಎಲ್ಲಿ ಅದಾವೋ ಮಾರಾಯ?"

ನಾನು ಕೈಯಿಂದ ಬಾಯಿ ಮುಚ್ಚಿಕೊಂಡೆ.

ಆಗ ಪಂಪಾವತಿ ಈ ಕಡೆ ತಿರುಗಿದಳು. ಕಣ್ಣು ಒಳಗೆ ಹೋಗಿದ್ದವು. "ಕಾಕಾ, ನಿಮಗ ಅಂಜಿಕಿನ ಆಗಿಲ್ಲಂದ್ರ ನನಗೇನ ಹೇಳಾಕ ಬಂದೀರಿ?" ಎಂದಳು. ಸಿಟ್ಟಿನಿಂದಲ್ಲ, ಸುಸ್ತಿನಿಂದ ಕೇಳಿದಳು.

ಯೆಶಾಯಪ್ಪನವರು ನನ್ನನ್ನು ನೋಡಿದರು. ಅವರಿಗೆ ಎಲ್ಲ ಗೊತ್ತು. ಇಷ್ಟು ದಿನ ಒಂದು ಮಾತು ಆಡಿರಲಿಲ್ಲ. ಸ್ವಲ್ಪ ಸರಿದು, ಪಂಪಾವತಿಗೆ ಹತ್ತಿರ ನನಗೆ ಜಾಗ ಮಾಡಿಕೊಟ್ಟರು. ಕುಳಿತು ನಿಜ ಹೇಳಿದೆ.

ಮಿಣಿಯನ್ನು ಯಾರೂ ಕಡಿಯಲಿಲ್ಲ. ಹೊರಸು ಎರಡು ಸಲ ಏರಿ ಇಳಿದದ್ದು ನಿಜ. ಮೂರನೆಯ ಸಲ ಏರುವಾಗ ನಾವೇ ಗುದ್ದಲಿಯಿಂದ ಸಡಿಲ ಮಾಡಿದ್ದ ಕಿಂಡಿಯ ಅಂಚು ನನ್ನ ಕಾಲ ಕೆಳಗೆ ಕುಸಿಯಿತು. ಒಂದು ಕಾಲು ತೊಡೆಯವರೆಗೆ ಮಾಳಿಗೆಯೊಳಗೆ ಹೋಯಿತು, ಇನ್ನೊಂದು ಮೇಲೆ ಉಳಿಯಿತು. ನಾನು ಜಂತಿಯನ್ನು ತಬ್ಬಿಕೊಂಡು ಬೋರಲು ಬಿದ್ದೆ. ನನ್ನ ಒಂದು ಕಾಲು ಸಭೆಯ ನಡುವೆ, ಬಸವಣ್ಣೆಮ್ಮನ ತಲೆಯ ಮೇಲೆ ಗಂಟೆಯ ಹಾಗೆ ತೂಗಾಡುತ್ತಿತ್ತು. ಆಗ ಹಾಡು ನಿಂತಿತು. ಹಾಡು ನಿಂತದ್ದಕ್ಕೆ ಎತ್ತು ಹಿಂದೆ ಸರಿದವು, ಹೊರಸು ನೆಲಕ್ಕೆ ಹೋಗಿ ಕುಳಿತಿತು.

ಸುತ್ತ ಮಣ್ಣು ಉದುರುತ್ತಿತ್ತು. ಮಾಳಿಗೆ ಇನ್ನೊಬ್ಬರ ಭಾರ ತಡೆಯದು ಎಂದು ಮೇಲಿದ್ದವರು ದಿಬ್ಬಕ್ಕೆ ಜಿಗಿದರು. ಕೆಳಗಿದ್ದವರು ಗೋಡೆಗೆ ಸರಿದರು. ನಾನು ಒಬ್ಬನೇ. ಕಾಲಿನ ಕೆಳಗೆ ಏನೂ ಇಲ್ಲ. ಎಷ್ಟು ಆಡಿಸಿದರೂ ಏನೂ ಇಲ್ಲ. ಅವತ್ತು ನನಗೆ ಪ್ರಾರ್ಥನೆಯ ಒಂದು ಶಬ್ದವೂ ನೆನಪಾಗಲಿಲ್ಲ. ಯೇಸುಸ್ವಾಮಿಯ ಹೆಸರು ಸಹ ಬಾಯಿಗೆ ಬರಲಿಲ್ಲ. ಕೂಸಿನ ಹಾಗೆ ಅತ್ತೆ. "ಅಕ್ಕಾ" ಎಂದೆ. "ಮಾವಾ" ಎಂದೆ. ಧೋತರ ತೊಯ್ದಿತು. ಕೆಳಗಿದ್ದವರಿಗೆ ಅದು ತಿಳಿಯಿತು.

ಪ್ರಾರ್ಥನೆ ಮನೆಯ ಮಾಳಿಗೆ ತಗ್ಗು. ಆದರೂ ನನ್ನ ಕಾಲಿಗೆ ಹೆಗಲು ಕೊಡುವಷ್ಟು ಎತ್ತರದವನು ಅಲ್ಲಿ ಒಬ್ಬನೇ. ಅವನು ಹೊರಸಿನ ಮೇಲೆ ಮೊಳಕಾಲು ಮಡಚಿ ಕುಳಿತು ನನ್ನ ಕಾಲನ್ನೇ ನೋಡುತ್ತಿದ್ದನಂತೆ. ಇದು ಕಳಕಮ್ಮ ಆಮೇಲೆ ಹೇಳಿದ್ದು. ಅವನಿಗೆ ಯಾರೂ ಏಳು ಅನ್ನಲಿಲ್ಲವಂತೆ. ಅವನೇ ಒಂದು ಕಾಲು ಇಳಿಸಿದ. ಇನ್ನೊಂದು ಇಳಿಸಿದ. ಗಡಗಡ ನಡುಗುತ್ತ ಎದ್ದು ನಿಂತ.

ನನ್ನ ಅಂಗಾಲಿಗೆ ಏನೋ ತಾಕಿತು. ಅವನ ಹೆಗಲು.

"ಭಾರ ಹಾಕು," ಎಂದ.

"ಬೀಳತೀನಿ ಮಾವಾ."

"ನನಗೂ ಹಂಗ ಅನಸಾಕತ್ತೈತಿ. ಹಾಕು."

"ನಿನ್ನ ಕೆಳಗ ಟೊಳ್ಳ ಇಲ್ಲೇನು?"

"ಐತಿ," ಎಂದ. "ಗುಂಯ್ ಅನ್ನಾಕತ್ತೈತಿ. ಆದ್ರೂ ನಿಂತೀನಿ ನೋಡು. ಹಾಕು ಭಾರ."

ಹಾಕಿದೆ. ಅವನು ನಡುಗಿದರೆ ಮೇಲೆ ನಾನು ನಡುಗುತ್ತಿದ್ದೆ, ನಾನು ನಡುಗಿದರೆ ಕೆಳಗೆ ಅವನು. ಹೀಗೆ ನಡುಗುತ್ತ ನಡುಗುತ್ತ, ಬೆಳಕಿಂಡಿಯಿಂದ, ಸಭೆಯ ಎಲ್ಲರ ಮುಂದೆ, ಅವನ ಹೆಗಲ ಮೇಲೆ ಇಳಿದವನು ನಾನು. ಇಳಿದ ಮೇಲೂ ಅವನ ಕೊರಳು ಬಿಡಲಿಲ್ಲ. ಅವತ್ತಿನ ಪ್ರಾರ್ಥನೆ ಮಾಡಿದವನೂ ದೊಡ್ಡಬಸಪ್ಪನೇ. ಅವನಿಗೆ ಮಾಡಲು ಬರುತ್ತಿರಲಿಲ್ಲ, ಉಪದೇಶಿಗಳು ಮಾಡಿದ್ದನ್ನೇ ಹೇಳಿದ. "ತಂದೀ, ಇಂವ ಭಾಳ ಅಂಜ್ಯಾನ. ನಾನೂ ಅಂಜೀನಿ. ನಮ್ಮ ಹಂತ್ಯಾಕ ಕುಂದ್ರು." ಆಮೆನ್ ಅನ್ನಲು ಮರೆತ. ಬಸವಣ್ಣೆಮ್ಮನೇ ಅಂದಳು.

ಅಂಜಿಕೆ ಕೋಣದ ಹಾಗೆ ಎಲ್ಲಿಗೂ ಓಡಲಿಲ್ಲ. ಅವತ್ತು ಅವನು ಕಳಕಮ್ಮನ ಕೈ ಹಿಡಿದು ಮನೆಗೆ ನಡೆದು ಹೋದ, ಹೆಜ್ಜೆಗೊಮ್ಮೆ ನಿಂತು ನಿಂತು. ಕಳಕಮ್ಮ ಆರು ತಿಂಗಳ ಮೇಲೆ ಅಂಗಾಲು ಪೂರಾ ಊರಿದಳು. ಅವನೂ ದಿನ ಕಳೆದ ಹಾಗೆ ಬಾವಿಯ ತನಕ ಹೋದ, ಪೇಟೆಯ ತನಕ ಹೋದ. ಈಗಲೂ ಕೆಲವು ದಿನ ಮುಂಜಾನೆ ಎದ್ದರೆ ಅವನ ಕಾಲು ಹೊರಸಿನಿಂದ ಇಳಿಯುವುದಿಲ್ಲ. ಕಳಕಮ್ಮ ಹೇಳಿ ಕಳಿಸುತ್ತಾಳೆ. ನಾನು ಹೋಗಿ ಹೊರಸಿನ ಮೇಲೆ ಅವನ ಬದಿಗೆ ಕುಳಿತುಕೊಳ್ಳುತ್ತೇನೆ. ನನಗೂ ಆ ಮಾಳಿಗೆ ನೆನಪಾಗುವ ದಿನಗಳಿವೆ, ಆಗ ಹೇಳಿ ಕಳಿಸದಿದ್ದರೂ ಹೋಗುತ್ತೇನೆ. ಇಬ್ಬರೂ ಕಾಲು ಮೇಲೆ ಎಳೆದುಕೊಂಡು, ಆ ಸಣ್ಣ ಪ್ರಾರ್ಥನೆ ಹೇಳಿ, ಒಲೆಯ ಕಡೆ ನೋಡುತ್ತ ಕುಳಿತಿರುತ್ತೇವೆ. ಅಕ್ಕ ಊಟಕ್ಕೆ ಕರೆಯುವ ಹೊತ್ತಿಗೆ ಒಂದೊಂದು ದಿನ ಅವನು ಮೊದಲು ಇಳಿಯುತ್ತಾನೆ, ಒಂದೊಂದು ದಿನ ನಾನು.